ಕನಕಗಿರಿಯ ಪೂಜ್ಯಪಾದರು

ಸಂಸಾರಸಾಗರವನ್ನು ದಾಟಲು ನೆರವಾಗುವುದೇ ತೀರ್ಥ. ತೀರ್ಥಯಾತ್ರೆಯೆಂದೊಡನೆ ಶ್ರಾವಕರ ಮನಸ್ಸು ಸಮ್ಮೇದಶಿಖರದತ್ತ, ಶ್ರವಣಬೆಳಗೊಳದತ್ತ ಹರಿಯುವುದು ಸಹಜ. ಚಾಮರಾಜನಗರ, ಉಡಿಗಾಲ, ಗುಂಡ್ಲುಪೇಟೆಗಳ ನಮ್ಮ ಸೀಮೆಯೂ ಅಂತಹ ಪುಣ್ಯಭೂಮಿಯೇ. ಹಿಂದೆ ಅರಿಕುಠಾರವೆನಿಸಿದ್ದ ಚಾಮರಾಜನಗರದಲ್ಲಿ ಹೊಯ್ಸಳ ದಂಡನಾಯಕ ಪುಣಿಸನು 1117ರಲ್ಲಿ ಕಟ್ಟಿಸಿದ ಬಸದಿಯಿದೆ. ತಾಲ್ಲೂಕಿನ ಮಲೆಯೂರಿನಲ್ಲಿ ಕನಕಗಿರಿಯಿದೆ. ಈ ಗಿರಿಯನ್ನು ತಮ್ಮ ತಪಸ್ಸಿನಿಂದ ಪಾವನಗೊಳಿಸಿದವರೆಂದು ಪರಂಪರೆಯು ನೆನೆಯುವ ಮಹಾಮುನಿಗಳು ಆಚಾರ್ಯ ಪೂಜ್ಯಪಾದರು.

ಅವರ ಕಾಲ ಕ್ರಿ.ಶ. 5-6ನೆಯ ಶತಮಾನ. ಮೊದಲ ಹೆಸರು ದೇವನಂದಿ. ಬುದ್ಧಿಯ ಹಿರಿಮೆಯಿಂದ ಜಿನೇಂದ್ರಬುದ್ಧಿ ಎಂದೂ, ದೇವತೆಗಳು ಪಾದಗಳನ್ನು ಪೂಜಿಸಿದ್ದರಿಂದ ಪೂಜ್ಯಪಾದ ಎಂದೂ ಅವರು ಪ್ರಸಿದ್ಧರಾದರೆಂದು ಶ್ರವಣಬೆಳಗೊಳದ ಶಾಸನಗಳು ಕೊಂಡಾಡುತ್ತವೆ. ಗಂಗದೊರೆ ದುರ್ವಿನೀತನಿಗೆ ಅವರು ಗುರುಗಳಾಗಿದ್ದರೆಂಬ ನಂಬಿಕೆಯೂ ಉಂಟು.

ಕನ್ನಡದ ಪೂಜ್ಯಪಾದ ಚರಿತೆಯ ಪ್ರಕಾರ ಅವರು ಕೊಳ್ಳೆ ಎಂಬ ಊರಿನ ಮಾಧವಭಟ್ಟ ಮತ್ತು ಶ್ರೀದೇವಿಯರ ಪುತ್ರರು. ವೈಯಾಕರಣ ಪಾಣಿನಿಯನ್ನು ಈ ಕಥೆ ಅವರ ಸೋದರಮಾವನನ್ನಾಗಿಸಿ ಮುಡಿಗುಂಡದಲ್ಲಿ ನೆಲೆಗೊಳಿಸುತ್ತದೆ. ಪಾಣಿನಿಯು ಶತಮಾನಗಳಷ್ಟು ಹಿಂದಿನವನು. ಪುಣ್ಯಕಥೆಗಳು ಕಾಲಗಣನೆಗೆ ಕಟ್ಟುಬೀಳುವುದಿಲ್ಲ. ಆದರೆ ಕೊಳ್ಳೇಗಾಲದ ನೆರೆಯ ಮುಡಿಗುಂಡವನ್ನು ಬಲ್ಲವರಿಗೆ ಈ ಆಚಾರ್ಯರು ನಮ್ಮವರೆಂಬ ಭಾವ ಮೂಡದಿರದು. ಒಮ್ಮೆ ಹಾವಿನ ಬಾಯಲ್ಲಿ ಸಿಕ್ಕ ಕಪ್ಪೆಯನ್ನು ಕಂಡು ಅವರಿಗೆ ವೈರಾಗ್ಯ ಹುಟ್ಟಿತು. ದಿಗಂಬರ ದೀಕ್ಷೆಯನ್ನು ಕೈಗೊಂಡರು.

ಅವರ ಸೋದರಳಿಯ ನಾಗಾರ್ಜುನನು ಕಡುಬಡವ. ಕರುಣೆಯಿಂದ ಅವರು ಅವನಿಗೆ ಪದ್ಮಾವತಿಯ ಮಂತ್ರವನ್ನೂ ಸಿದ್ಧರಸದ ಮೂಲಿಕೆಯನ್ನೂ ತಿಳಿಸಿಕೊಟ್ಟರು. ಚಿನ್ನ ಮಾಡಬಲ್ಲವನಾದ ಮೇಲೆ ನಾಗಾರ್ಜುನನಿಗೆ ಗರ್ವವೇರಿತು. ಬೆಟ್ಟವನ್ನೇ ಹೊನ್ನಾಗಿಸಲು ಹೊರಟಾಗ ಧರಣೇಂದ್ರ ಪದ್ಮಾವತಿಯರು ತಡೆದು, ಜಿನಾಲಯವನ್ನು ಕಟ್ಟಿಸೆಂದು ಆಜ್ಞಾಪಿಸಿದರು. ಅವನು ಪಾರ್ಶ್ವನಾಥಸ್ವಾಮಿಯನ್ನು ಪ್ರತಿಷ್ಠಾಪಿಸಿದನು. ಹೊನ್ನಿನ ಹೆಸರನ್ನು ಹೊತ್ತ ಕನಕಗಿರಿಯ ಮೇಲೆ ಇಂದಿಗೂ ಪೂಜೆಗೊಳ್ಳುವವನು ಪಾರ್ಶ್ವನಾಥನೇ. ಇದೇ ಕನಕಗಿರಿಯ ದೇವಚಂದ್ರ ಕವಿಯು 1838ರಲ್ಲಿ ರಚಿಸಿದ ರಾಜಾವಳೀ ಕಥೆಯು ಇಂತಹ ಅನೇಕ ಜೈನ ಐತಿಹ್ಯಗಳ ಭಂಡಾರ.

ಐತಿಹ್ಯವನ್ನು ಬದಿಗಿರಿಸಿದರೂ ಆಚಾರ್ಯರ ಹಿರಿಮೆ ಕುಂದದು. ತತ್ತ್ವಾರ್ಥಸೂತ್ರಕ್ಕೆ ಅವರು ಬರೆದ ಸರ್ವಾರ್ಥಸಿದ್ಧಿಯು ಇಂದು ದೊರೆಯುವ ದಿಗಂಬರ ವ್ಯಾಖ್ಯಾನಗಳಲ್ಲಿ ಅತ್ಯಂತ ಪ್ರಾಚೀನವಾದುದು. ವ್ಯಾಕರಣದಲ್ಲಿ ಜೈನೇಂದ್ರ, ಅಧ್ಯಾತ್ಮದಲ್ಲಿ ಸಮಾಧಿತಂತ್ರ ಮತ್ತು 51 ಶ್ಲೋಕಗಳ ಇಷ್ಟೋಪದೇಶ ಅವರ ಕೃತಿಗಳು. ವೈದ್ಯದಲ್ಲಿಯೂ ಅವರು ಆಚಾರ್ಯರೇ. ಅವರ ಕಲ್ಯಾಣಕಾರಕವನ್ನು ಜಗದ್ದಳ ಸೋಮನಾಥನು 12ನೆಯ ಶತಮಾನದಲ್ಲಿ ಕನ್ನಡಕ್ಕೆ ತಂದನು. ವ್ಯಾಕರಣದಿಂದ ಮಾತಿನ, ವೈದ್ಯದಿಂದ ದೇಹದ, ಅಧ್ಯಾತ್ಮದಿಂದ ಚಿತ್ತದ ಮಲವನ್ನು ತೊಳೆದವರೆಂದು ಜ್ಞಾನಾರ್ಣವದ ಶುಭಚಂದ್ರಾಚಾರ್ಯರು ಅವರಿಗೆ ನಮಿಸಿದ್ದಾರೆ.

ಇಂತಹ ವೈದ್ಯಾಚಾರ್ಯರಿಗೂ ತೀರ್ಥಯಾತ್ರೆಯ ದಾರಿಯಲ್ಲಿ ದೃಷ್ಟಿ ನಷ್ಟವಾಯಿತೆಂದು ಚರಿತೆ ಹೇಳುತ್ತದೆ. ಆಗ ಅವರು ಶಾಂತಿನಾಥನನ್ನು ಶಾಂತ್ಯಷ್ಟಕದಿಂದ ಸ್ತುತಿಸಿದರು, ದೃಷ್ಟಿ ಮರಳಿತು. ಬಳಿಕ ಸ್ವಸ್ಥಳಕ್ಕೆ ಬಂದು ಸಮಾಧಿಮರಣವನ್ನು ಹೊಂದಿದರು.

ಇಲ್ಲಿ ಯಾತ್ರಿಕರು ವಿಚಾರಮಾಡಬೇಕಾದ ಸಂಗತಿಯೊಂದಿದೆ. ಊರು, ಕಾಡು ಎಂಬ ವಾಸಭೇದವು ಆತ್ಮನನ್ನು ಕಾಣದವರಿಗೆ ಮಾತ್ರ, ಕಂಡವರಿಗೆ ಆತ್ಮವೇ ನೆಲೆ ಎಂದು ಸಮಾಧಿತಂತ್ರವು ಬೋಧಿಸುತ್ತದೆ. ಹಾಗಿದ್ದರೆ ಬೆಟ್ಟವನ್ನು ಏಕೆ ಹತ್ತಬೇಕು? ನಾವಿನ್ನೂ ಆತ್ಮನನ್ನು ಕಂಡವರಲ್ಲ, ಅದಕ್ಕಾಗಿ ಹತ್ತಬೇಕು. ದೇಹವೇ ನಾನೆಂಬ ಬಹಿರಾತ್ಮನು ಮೆಟ್ಟಿಲು ಮೆಟ್ಟಿಲಿಗೂ ದೇಹದ ಆಯಾಸವನ್ನು ಅರಿಯುತ್ತಾನೆ; ಆ ಆಯಾಸವನ್ನು ಅರಿಯುವವನು ಯಾರೆಂದು ಕೇಳಿಕೊಂಡವನು ಅಂತರಾತ್ಮನಾಗುವ ದಾರಿಯಲ್ಲಿದ್ದಾನೆ.

ಹತ್ತಿದ ಮೇಲೆ ಬೇಡುವುದೇನು ಎಂಬುದೂ ಮುಖ್ಯ. ಧ್ಯಾನದಿಂದ ಚಿಂತಾಮಣಿಯೂ ದೊರೆಯುತ್ತದೆ, ಹಿಂಡಿಯ ತುಣುಕೂ ದೊರೆಯುತ್ತದೆ; ವಿವೇಕಿಯು ಯಾವುದನ್ನು ಆದರಿಸುವನೆಂದು ಇಷ್ಟೋಪದೇಶವು ಕೇಳುತ್ತದೆ. ಮಕ್ಕಳ ನೌಕರಿ, ಮನೆಯ ಸಾಲ, ವ್ಯಾಪಾರದ ಲಾಭಗಳ ಚಿಂತೆ ಗೃಹಸ್ಥರಾದ ನಮ್ಮನ್ನು ಬೆಟ್ಟದ ಮೇಲೂ ಬಿಡದು. ಅದು ಸಹಜ. ಆದರೆ ಅದಷ್ಟನ್ನೇ ಬೇಡಿ ಇಳಿದರೆ ನಾವು ಗರ್ವವಿಳಿಯದ ನಾಗಾರ್ಜುನರಾಗಿಯೇ ಉಳಿಯುತ್ತೇವೆ. ನೆರೆಯಲ್ಲಿಯೇ ಇರುವ ಈ ಕ್ಷೇತ್ರವನ್ನು ಭವ್ಯಜೀವರು ಒಮ್ಮೆ ದರ್ಶಿಸಲಿ; ಪಾರ್ಶ್ವನಾಥನ ಸನ್ನಿಧಿಯಲ್ಲಿ ಸಮ್ಯಗ್ದರ್ಶನವನ್ನು ಬೇಡಲಿ.