ಎಲ್‌ವುಡ್ ಹೇನ್ಸ್ (1857–1925): ಜೀವನ ಪರಿಚಯ

ಮೊಣಕಾಲಿನ ಕೀಲು ಬದಲಾವಣೆಯ ಶಸ್ತ್ರಚಿಕಿತ್ಸೆಯಲ್ಲಿ ಅಳವಡಿಸಲಾಗುವ ಕೃತಕ ಕೀಲುಗಳ ಪೈಕಿ ಹೆಚ್ಚಿನವು ಕೋಬಾಲ್ಟ್-ಕ್ರೋಮಿಯಂ ಮಿಶ್ರಲೋಹದವು. ಹಲ್ಲಿನ ಸೆಟ್‌ಗೆ ಆಧಾರವಾಗುವ ಲೋಹದ ಚೌಕಟ್ಟಿಗೂ ಇದನ್ನೇ ಬಳಸುವುದುಂಟು. ಈ ಲೋಹವರ್ಗವನ್ನು ರೂಪಿಸಿದ ಎಲ್‌ವುಡ್ ಹೇನ್ಸ್ ಅವರು ವೈದ್ಯರಾಗಿರಲಿಲ್ಲ.

ಶ್ರೀಯುತರು ಅಮೆರಿಕದ ಇಂಡಿಯಾನಾ ರಾಜ್ಯದ ಪೋರ್ಟ್‌ಲೆಂಡ್ ಪಟ್ಟಣದಲ್ಲಿ 1857ನೇ ಇಸವಿಯ ಅಕ್ಟೋಬರ್ 14ರಂದು ಜನಿಸಿದರು. 1881ರಲ್ಲಿ ಮ್ಯಾಸಚೂಸೆಟ್ಸ್‌ನ ವೂಸ್ಟರ್ ತಾಂತ್ರಿಕ ವಿದ್ಯಾಲಯದಿಂದ ಪದವಿ ಪಡೆದರು. ಉಕ್ಕಿಗೆ ಟಂಗ್‌ಸ್ಟನ್ ಬೆರೆಸಿದರೆ ಆಗುವ ಪರಿಣಾಮವೇ ಅವರ ಪ್ರಬಂಧದ ವಿಷಯವಾಗಿತ್ತು. ಕೆಲಕಾಲ ಶಿಕ್ಷಕರಾಗಿದ್ದು, ಬಳಿಕ ನೈಸರ್ಗಿಕ ಅನಿಲದ ಉದ್ಯಮಕ್ಕೆ ಬಂದರು. 1894ರ ಜುಲೈ 4ರಂದು ಕೊಕೊಮೊ ನಗರದ ಹೊರವಲಯದಲ್ಲಿ, ಅಪರ್ಸನ್ ಸಹೋದರರ ನೆರವಿನಿಂದ ನಿರ್ಮಿಸಿದ ಪೆಟ್ರೋಲ್ ವಾಹನವನ್ನು ಗಂಟೆಗೆ ಸುಮಾರು 11 ಕಿ.ಮೀ. ವೇಗದಲ್ಲಿ ಓಡಿಸಿದರು. ಇದೇ ಅಮೆರಿಕದ ಪ್ರಥಮ ಕಾರೆಂಬ ಹೇಳಿಕೆ ಒಪ್ಪತಕ್ಕದ್ದಲ್ಲ. ಡ್ಯೂರಿಯಾ ಸಹೋದರರ ವಾಹನ 1893ರಲ್ಲಿಯೇ ಓಡಿತ್ತು.

ಅವರ ನಿಜವಾದ ಕೊಡುಗೆ ಲೋಹಶಾಸ್ತ್ರದಲ್ಲಿದೆ. ಮಾಸದ ಊಟದ ಚಾಕು, ಚಮಚಗಳು ಬೇಕೆಂಬ ಪತ್ನಿಯವರ ಅಪೇಕ್ಷೆಯೇ ಸಂಶೋಧನೆಗೆ ಪ್ರೇರಣೆಯೆಂಬ ಪ್ರತೀತಿಯಿದೆ. 1907ರಲ್ಲಿ ಕೋಬಾಲ್ಟ್-ಕ್ರೋಮಿಯಂ ಮಿಶ್ರಲೋಹಕ್ಕೆ ಪೇಟೆಂಟ್ ದೊರೆಯಿತು. ಕ್ರೋಮಿಯಂ ಗಾಳಿಯೊಡನೆ ಸೇರಿ ಮೇಲ್ಮೈಯಲ್ಲಿ ಕಣ್ಣಿಗೆ ಕಾಣದಷ್ಟು ತೆಳುವಾದ ಪದರವನ್ನು ಕಟ್ಟುತ್ತದೆ; ಆಮ್ಲ, ಉಪ್ಪುನೀರುಗಳು ಇದನ್ನು ಸುಲಭವಾಗಿ ಭೇದಿಸಲಾರವು. ಮುಂದೆ ಟಂಗ್‌ಸ್ಟನ್ ಮತ್ತು ಮಾಲಿಬ್ಡಿನಂಗಳನ್ನು ಸೇರಿಸಿದಾಗ, ಕೆಂಪಗೆ ಕಾದರೂ ಹರಿತ ಕಳೆದುಕೊಳ್ಳದ ಲೇತ್ ಯಂತ್ರದ ಟೂಲ್‌ಗಳು ಸಿದ್ಧವಾದವು. ಅದರ ಹೊಳಪನ್ನು ಕಂಡು, ಲ್ಯಾಟಿನ್ ಭಾಷೆಯ ನಕ್ಷತ್ರವಾಚಕ ಪದದಿಂದ ಸ್ಟೆಲ್ಲೈಟ್ ಎಂದು ಹೆಸರಿಟ್ಟರು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಇದಕ್ಕೆ ಅಪಾರ ಬೇಡಿಕೆ ಬಂದಿತು. 1920ರಲ್ಲಿ ಈ ಉದ್ಯಮವನ್ನು ಯೂನಿಯನ್ ಕಾರ್ಬೈಡ್ ಸಂಸ್ಥೆಗೆ ವಹಿಸಿಕೊಟ್ಟರು. ಅವರ ಕಾರು ಕಂಪನಿಯಾದರೋ 1924ರಲ್ಲಿ ದಿವಾಳಿಯಾಯಿತು. 1925ರ ಏಪ್ರಿಲ್ 13ರಂದು ಕೊಕೊಮೊದಲ್ಲಿ ನಿಧನರಾದರು.

ತಮ್ಮ ಲೋಹವು ಮಾನವ ದೇಹವನ್ನು ಪ್ರವೇಶಿಸಿದ್ದನ್ನು ಅವರು ಕಾಣಲಿಲ್ಲ. ಇದೇ ವರ್ಗದ ವೈಟಾಲಿಯಂ 1930ರ ದಶಕದಲ್ಲಿ ದಂತವೈದ್ಯರ ಕೈಸೇರಿತು. ಆ ಮೊದಲು ಮುರಿದ ಎಲುಬಿಗೆ ಕೂಡಿಸಿದ ಉಕ್ಕಿನ ಫಲಕಗಳು ದೇಹದ್ರವದಲ್ಲಿ ಸವೆದು ತೊಂದರೆ ಕೊಡುತ್ತಿದ್ದವು. ವೈಟಾಲಿಯಂ ಹಾಗೆ ಸವೆಯದಿದ್ದುದರಿಂದ ಎಲುಬು ಶಸ್ತ್ರಚಿಕಿತ್ಸೆಗೂ ಬಂದಿತು. 1938ರಲ್ಲಿ ಬೋಸ್ಟನ್ನಿನ ವೈದ್ಯ ಸ್ಮಿತ್-ಪೀಟರ್ಸನ್ ಇದನ್ನು ಸೊಂಟದ ಕೀಲಿಗೆ ಬಳಸಿದರು.

ಭಾರತದಲ್ಲಿ 2017ರ ಆಗಸ್ಟ್ ತಿಂಗಳಲ್ಲಿ ರಾಷ್ಟ್ರೀಯ ಔಷಧ ಬೆಲೆ ನಿಗದಿ ಪ್ರಾಧಿಕಾರವು ಕೋಬಾಲ್ಟ್-ಕ್ರೋಮಿಯಂ ಮೊಣಕಾಲು ಕೀಲಿಗೆ ತೆರಿಗೆ ಹೊರತುಪಡಿಸಿ ರೂ. 54,720ರ ಗರಿಷ್ಠ ಬೆಲೆಯನ್ನು ನಿಗದಿಪಡಿಸಿತು. ಅದಕ್ಕೆ ಮುನ್ನ ಇದರ ಬೆಲೆ ಸರಾಸರಿ ಒಂದೂವರೆ ಲಕ್ಷ ರೂಪಾಯಿಗೂ ಮೀರಿತ್ತು.