ಗಾಳಿಯ ಸೋಂಕಿನ ಸಂಶೋಧಕ ವಿಲಿಯಂ ಫರ್ತ್ ವೆಲ್ಸ್

ಭಾರತದಲ್ಲಿ ಕೋವಿಡ್ ರೋಗದಿಂದ ಸಂಭವಿಸಿದ ಮೊದಲ ಸಾವು 2020ರ ಮಾರ್ಚ್ ತಿಂಗಳಿನಲ್ಲಿ ನಮ್ಮ ಕಲಬುರಗಿಯಿಂದ ವರದಿಯಾಯಿತು. ಅಂದು ಎಲ್ಲೆಡೆ ಅಂತರ ಕಾಯ್ದುಕೊಳ್ಳಲು ನೆಲದ ಮೇಲೆ ಗುರುತುಗಳನ್ನು ಹಾಕಲಾಯಿತು. ಆದರೆ ಮುಚ್ಚಿದ ಕೊಠಡಿಯಲ್ಲಿ ಸೋಂಕು ಆ ಗುರುತುಗಳನ್ನು ದಾಟಿಯೂ ಹರಡಬಲ್ಲದೆಂಬುದನ್ನು ದಶಕಗಳ ಹಿಂದೆಯೇ ತೋರಿಸಿದವರು ಅಮೆರಿಕದ ವಿಲಿಯಂ ಫರ್ತ್ ವೆಲ್ಸ್. ಅವರ ಸಂಕ್ಷಿಪ್ತ ಪರಿಚಯವನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ನೀಡಲಾಗಿದೆ.

ವೆಲ್ಸ್ ರವರು ವೈದ್ಯರಲ್ಲ, ನೈರ್ಮಲ್ಯ ಇಂಜಿನಿಯರ್. ಮ್ಯಾಸಚೂಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿ ವ್ಯಾಸಂಗ ಮಾಡಿದ ಅವರು ಮೊದಲು ಸಿಂಪಿಗಳ ಶುದ್ಧೀಕರಣದ ಕಾರ್ಯದಲ್ಲಿ ತೊಡಗಿದ್ದರು. ಮುಂದೆ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಗಾಳಿಯ ಅಧ್ಯಯನವನ್ನು ಕೈಗೊಂಡರು. ಕೆಮ್ಮಿದಾಗ ಹೊರಬೀಳುವ ದೊಡ್ಡ ಹನಿಗಳು ಬೇಗನೆ ನೆಲ ಸೇರುತ್ತವೆ; ಸಣ್ಣ ಹನಿಗಳು ನೆಲ ಮುಟ್ಟುವ ಮುನ್ನವೇ ಆರಿ, ಉಳಿದ ಸೂಕ್ಷ್ಮ ಕಣಗಳು ಒಲೆಯ ಹೊಗೆಯಂತೆ ಕೊಠಡಿಯಲ್ಲಿ ಬಹಳ ಹೊತ್ತು ತೇಲುತ್ತವೆ ಎಂದು 1934ರಲ್ಲಿ ಪ್ರಕಟಿಸಿದರು.

ತರುವಾಯ ಫಿಲಡೆಲ್ಫಿಯಾಕ್ಕೆ ತೆರಳಿ, ವೈದ್ಯೆಯಾಗಿದ್ದ ಪತ್ನಿ ಮಿಲ್ಡ್ರೆಡ್ ವೀಕ್ಸ್ ವೆಲ್ಸ್ ರವರೊಡಗೂಡಿ ಶಾಲಾ ಕೊಠಡಿಗಳ ಮೇಲ್ಭಾಗದಲ್ಲಿ ನೇರಳಾತೀತ ದೀಪಗಳನ್ನು ಅಳವಡಿಸಿದರು. 1941ರಲ್ಲಿ ದಡಾರ ವೈರಸ್ ಹಬ್ಬಿದಾಗ, ದೀಪಗಳಿದ್ದ ಕೊಠಡಿಗಳ ಮಕ್ಕಳಲ್ಲಿ ರೋಗ ಗಣನೀಯವಾಗಿ ಕಡಿಮೆಯಾಗಿತ್ತು. ಆದರೆ ಮಕ್ಕಳು ಶಾಲೆಯ ಹೊರಗೂ ಒಟ್ಟಿಗೆ ಇರುತ್ತಿದ್ದ ಬೇರೆ ಊರುಗಳಲ್ಲಿ ಇದೇ ಪ್ರಯೋಗ ನಿರೀಕ್ಷಿತ ಫಲ ನೀಡಲಿಲ್ಲ. ಇದರಿಂದ ಅನೇಕ ತಜ್ಞರು ಅವರ ವಾದವನ್ನು ಬದಿಗಿರಿಸಿದರು.

ವೆಲ್ಸ್ ರವರು ಪ್ರಯತ್ನವನ್ನು ಕೈಬಿಡಲಿಲ್ಲ. 1955ರಲ್ಲಿ ತಮ್ಮ ಸಂಶೋಧನೆಗಳನ್ನು ಗ್ರಂಥರೂಪದಲ್ಲಿ ಪ್ರಕಟಿಸಿದರು. ಬಳಿಕ ಬಾಲ್ಟಿಮೋರಿನ ಆಸ್ಪತ್ರೆಯೊಂದರಲ್ಲಿ ಶಿಷ್ಯ ರಿಚರ್ಡ್ ರೈಲಿಯವರೊಂದಿಗೆ, ಕ್ಷಯರೋಗಿಗಳ ವಾರ್ಡಿನ ಗಾಳಿಯನ್ನು ಕೊಳವೆಯ ಮೂಲಕ ಗಿನಿಪಿಗ್‌ಗಳಿದ್ದ ಕೋಣೆಗೆ ಹಾಯಿಸಲಾಯಿತು. ರೋಗಿಗಳ ಬಳಿ ಎಂದೂ ಸುಳಿಯದ ಆ ಪ್ರಾಣಿಗಳಿಗೆ ಕ್ಷಯ ತಗುಲಿತು. ನೇರಳಾತೀತ ಕಿರಣ ಹಾಯಿಸಿದ ಗಾಳಿಯನ್ನು ಉಸಿರಾಡಿದವು ಸುರಕ್ಷಿತವಾಗಿದ್ದವು. ವೆಲ್ಸ್ ರವರು 1963ರಲ್ಲಿ ನಿಧನರಾದರು. ಕೋವಿಡ್ ಸೋಂಕು ಗಾಳಿ ಸರಿಯಾಗಿ ಆಡದ ಒಳಾಂಗಣದಲ್ಲಿ ದೂರದವರೆಗೂ ಹರಡಬಲ್ಲದೆಂದು ವಿಶ್ವ ಆರೋಗ್ಯ ಸಂಸ್ಥೆಯು ತನ್ನ ಮಾಹಿತಿಯಲ್ಲಿ ಸ್ಪಷ್ಟಪಡಿಸಿದ್ದು 2021ರಲ್ಲಿ.

ಚಂದಾಪುರ ಸೇರಿದಂತೆ ಚಿಂಚೋಳಿ, ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಭಾಗಗಳಲ್ಲಿ ಬೇಸಿಗೆಯ ಝಳಕ್ಕೆ ಕಿಟಕಿ ಮುಚ್ಚುವುದು ಸಹಜ. ಆದರೂ ಮನೆಯಲ್ಲಿ ಕೆಮ್ಮು, ಜ್ವರ ಇದ್ದಾಗ ಬೆಳಿಗ್ಗೆ ಹಾಗೂ ಸಂಜೆಯಾದರೂ ಎದುರುಬದುರಿನ ಕಿಟಕಿ, ಬಾಗಿಲುಗಳನ್ನು ತೆರೆದಿಡುವುದು ಸೂಕ್ತ. ಅರ್ಜಿ ಸಲ್ಲಿಸಲು ಕಚೇರಿಗೆ ಬರುವ ಸಾರ್ವಜನಿಕರು ನಿರೀಕ್ಷಣಾ ಕೊಠಡಿಯ ಕಿಟಕಿಗಳನ್ನು ಮುಚ್ಚದೆ ಸಹಕರಿಸಬೇಕಾಗಿ ಕೋರಲಾಗಿದೆ.