ಹೆಸರು ಮೊದಲು, ಲೆಕ್ಕ ಆಮೇಲೆ: ಗಣಿತಜ್ಞ ಮಹಾವೀರಾಚಾರ್ಯ

ಪೈಥಾನ್‌ನಲ್ಲಿ ಮೆಥಡ್‌ಗೆ ಹೆಸರಿಡಲು ಒಂದು ಕ್ರಮವಿದೆ. ಹೆಸರು ಸಣ್ಣ ಅಕ್ಷರಗಳಲ್ಲಿರಬೇಕು, ಎರಡು ಪದಗಳಿದ್ದರೆ ನಡುವೆ ಅಂಡರ್‌ಸ್ಕೋರ್ ಬರಬೇಕು, ಓದಿದ ಕೂಡಲೇ ಅದರ ಕೆಲಸ ತಿಳಿಯಬೇಕು. ‘ಸಾರ್ಟ್’ ಎಂದರೆ ಕ್ರಮವಾಗಿ ಜೋಡಿಸು, ‘ರಿವರ್ಸ್’ ಎಂದರೆ ತಿರುಗಿಸು. ‘ಎ1’, ‘ಎ2’ ಎಂದು ಹೆಸರಿಟ್ಟರೂ ಪ್ರೋಗ್ರಾಂ ಓಡುತ್ತದೆ, ಆದರೆ ಓದುವವರಿಗೆ ಏನೂ ತಿಳಿಯುವುದಿಲ್ಲ. ಈ ಶಿಸ್ತನ್ನು ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆ ಗಣಿತದಲ್ಲಿ ಪಾಲಿಸಿದ ಕನ್ನಡನಾಡಿನ ವಿದ್ವಾಂಸರೊಬ್ಬರನ್ನು ಇಲ್ಲಿ ಪರಿಚಯಿಸುತ್ತಿದ್ದೇನೆ.

ಮಹಾವೀರಾಚಾರ್ಯರು 9ನೇ ಶತಮಾನದ ಜೈನ ಗಣಿತಜ್ಞರು. ಆಗ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನು ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡದಿಂದ ಆಳುತ್ತಿದ್ದನು. ಕ್ರಿ.ಶ. 850ರ ಸುಮಾರಿಗೆ ಆಚಾರ್ಯರು ಸಂಸ್ಕೃತದಲ್ಲಿ ರಚಿಸಿದ ‘ಗಣಿತಸಾರಸಂಗ್ರಹ’ದ ಆರಂಭದಲ್ಲೇ ಆ ದೊರೆಯ ಪ್ರಶಂಸೆ ಇದೆ. ಅವರಿಗಿಂತ ಹಿಂದೆ ಆರ್ಯಭಟ, ಬ್ರಹ್ಮಗುಪ್ತರು ಗಣಿತವನ್ನು ಖಗೋಳ ಗ್ರಂಥಗಳೊಳಗೆ ಹೇಳಿದ್ದರು. ಇವರು ಗಣಿತಕ್ಕೆಂದೇ ಇಡೀ ಗ್ರಂಥ ಬರೆದರು.

ಆ ಗ್ರಂಥದ ಮೊದಲ ಅಧ್ಯಾಯವೇ ‘ಸಂಜ್ಞಾ’, ಅಂದರೆ ಹೆಸರುಗಳ ಅಧ್ಯಾಯ. ಕಾಲ, ಧಾನ್ಯ, ಚಿನ್ನದ ಅಳತೆಗಳ ಹೆಸರು, ಎಂಟು ಪರಿಕರ್ಮಗಳ ಹೆಸರು, ‘ಏಕ’ದಿಂದ ‘ಮಹಾಕ್ಷೋಭ’ದವರೆಗೆ 24 ಸ್ಥಾನಗಳ ಹೆಸರು ಅಲ್ಲಿವೆ. ಲೆಕ್ಕ ಮಾಡುವ ವಿಧಾನಗಳು ಆಮೇಲೆ ಬರುತ್ತವೆ. ಅವರು ಬಳಸಿದ ವರ್ಗಮೂಲ, ಘನಮೂಲ ಎಂಬ ಹೆಸರುಗಳು ಇಂದಿಗೂ ಕನ್ನಡ ಪಠ್ಯಪುಸ್ತಕದಲ್ಲಿವೆ. ಭಾಗಲಬ್ಧಗಳನ್ನು ಒಂದರ ಕೆಳಗೊಂದು ಬಳ್ಳಿಯಂತೆ ಬರೆಯುವ ವಿಧಾನಕ್ಕೆ ಅವರಲ್ಲಿ ‘ವಲ್ಲಿಕಾ ಕುಟ್ಟೀಕಾರ’ ಎಂಬ ಹೆಸರಿದೆ. ವಲ್ಲಿಕಾ ಎಂದರೆ ಬಳ್ಳಿ. 142857143ನ್ನು 7ರಿಂದ ಗುಣಿಸಿದರೆ 1000000001 ಬರುತ್ತದೆ. ಎರಡು ತುದಿಗಳಿಂದಲೂ ಒಂದೇ ರೀತಿ ಓದಬಹುದಾದ ಇಂಥ ಸಂಖ್ಯೆಗಳನ್ನು ಅವರು ಕಂಠಹಾರವೆಂದು ಕರೆದರು.

ಅದೇ ಶತಮಾನದಲ್ಲಿ ಬಗ್ದಾದಿನಲ್ಲಿದ್ದ ಮುಹಮ್ಮದ್ ಇಬ್ನ್ ಮೂಸಾ ಅಲ್ ಖ್ವಾರಿಝ್ಮಿಯವರೂ ಹೀಗೆಯೇ ಮಾಡಿದರು. ಸಮೀಕರಣದಲ್ಲಿ ಕಳೆಯುವ ಪದವನ್ನು ಇನ್ನೊಂದು ಬದಿಗೆ ಸೇರಿಸಿ ಸರಿಪಡಿಸುವ ವಿಧಾನಕ್ಕೆ ‘ಅಲ್ ಜಬ್ರ್’ ಎಂದರು. ಸರಿಪಡಿಸುವುದು ಎಂಬುದೇ ಆ ಪದದ ಅರ್ಥ. ಅದರಿಂದ ‘ಆಲ್ಜೀಬ್ರಾ’ ಬಂತು, ಅವರ ಹೆಸರಿನಿಂದಲೇ ‘ಅಲ್ಗಾರಿದಮ್’ ಬಂತು.

ಬಂಟ್ವಾಳ, ಬೆಳ್ತಂಗಡಿಯಿಂದ ಮೂಡುಬಿದಿರೆಗೆ ಬಸ್ಸಿನಲ್ಲಿ ಹೋಗಿಬರುವ ನಮಗೆ ಇನ್ನೊಂದು ಹೆಮ್ಮೆಯಿದೆ. ಎಂ. ರಂಗಾಚಾರ್ಯರು 1912ರಲ್ಲಿ ಮದ್ರಾಸಿನಲ್ಲಿ ಈ ಗ್ರಂಥವನ್ನು ಇಂಗ್ಲಿಷ್ ಅನುವಾದದೊಂದಿಗೆ ಪ್ರಕಟಿಸಿದಾಗ, ಅವರು ಬಳಸಿದ ಪ್ರತಿಗಳಲ್ಲಿ ಒಂದು ಮೂಡುಬಿದಿರೆಯ ಜೈನ ಮಠದ ತಾಳೆಗರಿಯಿಂದ ಕನ್ನಡ ಲಿಪಿಯಲ್ಲಿ ನಕಲು ಮಾಡಿದ್ದು. ಸಾವಿರ ವರ್ಷ ಕಳೆದರೂ ಓದಿದವರಿಗೆ ವಿಧಾನ ತಿಳಿಯಿತು, ಏಕೆಂದರೆ ಬರೆದವರು ಹೆಸರುಗಳನ್ನು ಮೊದಲೇ ವಿವರಿಸಿದ್ದರು.

ಸ್ನೇಹಿತರೇ, ನಾವು ಇಂದು ಬರೆಯುವ ಪ್ರೋಗ್ರಾಂ ಅನ್ನು ಮುಂದಿನ ವರ್ಷದ ಜೂನಿಯರ್‌ಗಳು ಓದಬಹುದು. ಅವರನ್ನು ನೆನಪಿಟ್ಟುಕೊಂಡು ಹೆಸರಿಡೋಣ.